ದೊಡ್ಡಮ್ಮನ ಪಾದಪರೀಕ್ಷೆ

ಹಸಿ ಕಾಳುಮೆಣಸಿನ ಘಾಟು ಮೂಗಿಗೆ ಬಡಿದರೆ ನಿಮಗೇನಾಗುತ್ತದೋ ಗೊತ್ತಿಲ್ಲ, ನನಗೆ ಮೊದಲು ಸೀನು ಬರುತ್ತದೆ, ಆಮೇಲೆ ದೊಡ್ಡಮ್ಮನ ಎಡಗಾಲು ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಕಣದಲ್ಲಿ ಮೆಣಸಿನ ಗೊಂಚಲು ಸುರಿದಾಗಲೂ ಹಾಗೇ ಆಯಿತು. ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ತೋಟ. ಅಕ್ಕಪಕ್ಕದವರೆಲ್ಲ ಕಾಳು ಬಿಡಿಸುವ ಯಂತ್ರ ತಂದಿದ್ದಾರೆ, ನಾವಿನ್ನೂ ಕಾಲಲ್ಲೇ ತುಳಿಯುತ್ತೇವೆ. ಕೇಳಿದವರಿಗೆ ಹಿರಿಯರ ಪದ್ಧತಿ ಅನ್ನುತ್ತೇನೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಅದು ಬರೀ ನನ್ನ ಸೋಮಾರಿತನ.

ತುಳಿದವರ ಅಂಗಾಲು ಮೊದಲು ಉರಿಯುತ್ತದೆ, ಮತ್ತೆ ಕಪ್ಪಾಗುತ್ತದೆ. ಆ ಕರೆ ವಾರಗಟ್ಟಲೆ ಬಿಡುವುದಿಲ್ಲ. ನಮ್ಮಪ್ಪನ ಅಣ್ಣನ ಹೆಂಡತಿಯಾದ ದೊಡ್ಡಮ್ಮ ಈ ಕೆಲಸದಲ್ಲಿ ಎತ್ತಿದ ಕೈ. ಸೀರೆ ಎತ್ತಿ ಸಿಕ್ಕಿಸಿ, ಮೇಲಿಂದ ಇಳಿಬಿಟ್ಟ ಹಗ್ಗ ಹಿಡಿದು, ಮೆಣಸಿನ ಜೊತೆಗೆ ಊರವರ ಸುದ್ದಿಯನ್ನೂ ಹಾಕಿಕೊಂಡು ತುಳಿಯುತ್ತಿದ್ದಳು.

ಅವಳ ಎಡಗಾಲಿನ ಹಿಮ್ಮಡಿ ಹತ್ತಿರದ ಕಪ್ಪು ಚುಕ್ಕೆಯನ್ನು ಮೊದಲು ನೋಡಿದವನು ನಾನೇ. “ಮೆಣಸಿನ ಕರೆ ದೊಡ್ಡಮ್ಮ, ಸೋಪಾಕಿ ಉಜ್ಜು” ಅಂದೆ. ಮರುವರ್ಷ ಅದು ಹುಣಸೆಬೀಜದಷ್ಟಾಗಿತ್ತು. ಅಂಚು ಸೊಟ್ಟಪಟ್ಟ, ಒಂದು ಕಡೆ ಕಡುಕಪ್ಪು, ಇನ್ನೊಂದು ಕಡೆ ಕಂದು. ಆಗಲೂ ನನ್ನ ಬಾಯಿಂದ ಬಂದದ್ದು ಅದೇ ಮಾತು. “ಮಳೆಗಾಲ ಮುಗಿದ್ರೂ ಹೋಗ್ದೇ ಇರೋ ಕರೆ ಎಂಥದ್ರೀ?” ಎಂದು ಕೇಳಿದವಳು ನನ್ನ ಹೆಂಡತಿ. ಕೇಳಿ ಸುಮ್ಮನಾಗದೆ ನಮ್ಮಿಬ್ಬರನ್ನೂ ಮಡಿಕೇರಿಯ ಚರ್ಮದ ಡಾಕ್ಟರ ಹತ್ತಿರ ಅಟ್ಟಿದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪವಿದ್ದ ಪುಟ್ಟ ಭೂತಗನ್ನಡಿಯನ್ನು ಅಂಗಾಲಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ನನಗೆ ತಡೆಯಲಾಗಲಿಲ್ಲ.

“ಮೆಣಸಿನ ಕರೆ ತಾನೆ ಡಾಕ್ಟ್ರೇ?”

“ಕರೆ ಅಲ್ಲ. ಮೆಲನೋಮ ಇರಬಹುದು ಅನ್ಸುತ್ತೆ. ಚರ್ಮದ ಕ್ಯಾನ್ಸರ್. ಆದ್ರೆ ಬರೀ ಕಣ್ಣಲ್ಲಿ ನೋಡಿದ್ದು ಎರಡೂ ಕಡೆಗೆ ತಪ್ಪಬಹುದು. ನಾನು ಕೆಟ್ಟದ್ದು ಅಂದ್ಕೊಂಡಿದ್ದು ಬರೀ ಮಚ್ಚೆ ಆಗಿದ್ದಿದೆ, ಮಚ್ಚೆ ಅಂದ್ಕೊಂಡಿದ್ದು ಕೆಟ್ಟದ್ದಾಗಿದ್ದೂ ಇದೆ. ಕತ್ತರಿಸಿ ಪರೀಕ್ಷೆಗೆ ಕಳಿಸ್ದೆ ಹೇಳಕ್ಕಾಗಲ್ಲ.”

ಎರಡು ವರ್ಷ ಕರೆ ಕರೆ ಎಂದು ಸಾಧಿಸಿದವನು ನಾನು! ನಾಚಿಕೆಯಾಯಿತು, ಭಯವಾಯಿತು. ಎರಡನ್ನೂ ಸೇರಿಸಿ ಡಾಕ್ಟರ ಮೇಲೆ ಸಿಟ್ಟು ಮಾಡಿಕೊಂಡೆ. “ಇಷ್ಟು ಓದಿ, ದೀಪ ಹಿಡಿದು ನೋಡಿದ್ರೂ ಗೊತ್ತಾಗಲ್ಲ ಅಂದ್ರೆ?”

ದೊಡ್ಡಮ್ಮ ನಕ್ಕಳು. “ಸುಮ್ನಿರೋ. ಕಾಫಿ ಒಣಗೈತೆ ಅಂತ ನಾನು ನೋಡಿದ್ ತಕ್ಷಣ ಹೇಳ್ತೀನಾ? ಬೀಜನ ಹಲ್ಲಲ್ಲಿ ಕಚ್ಚಿ ನೋಡೇ ಹೇಳದು. ಈ ಮಗೀಗೂ ಅದು ಗೊತ್ತೈತೆ. ಕತ್ತರ್ಸವ್ವ ನೀನು.”

ವರದಿ ಬರುವ ತನಕ ಅವಳು ಒಂದೇ ಒಂದು ಸಲ, ಅದೂ ಒಲೆಯ ಕಡೆ ತಿರುಗಿಕೊಂಡು, “ಕಾಲು ತೆಗೀತಾರೇನೋ” ಅಂದಳು. ನಾನು ಒಲೆಗೆ ಇನ್ನೊಂದು ಸೌದೆ ತುರುಕಿದೆ.

ಆ ಸಲ ಡಾಕ್ಟರ ಕಣ್ಣು ತಪ್ಪಿರಲಿಲ್ಲ. ಆದರೆ ಕಾಯಿಲೆ ಚರ್ಮದ ಆಳಕ್ಕೆ ಇಳಿದಿರಲಿಲ್ಲ. ಮೈಸೂರಿನಲ್ಲಿ ಸುತ್ತಲಿನ ಚರ್ಮವನ್ನೂ ತೆಗೆದು, ತೊಡೆಯಿಂದ ತಂದ ತೇಪೆ ಹಾಕಿದರು. ಕಾಲು ಉಳಿಯಿತು, ದೊಡ್ಡಮ್ಮನೂ ಉಳಿದಳು. ಮೆಣಸಿಗೂ ಕಾಯಿಲೆಗೂ ಸಂಬಂಧವಿಲ್ಲವಂತೆ. ಕರೆ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ. ಮುಚ್ಚಿಡುವುದಕ್ಕೆ ನಾನೂ ಕೈಜೋಡಿಸಿದ್ದೆ.

ತುಳಿಯುವ ಭಾಗ್ಯ ತಪ್ಪಿದ ಮೇಲೆ ಅವಳು ಕಣದ ಪಕ್ಕ ಕುರ್ಚಿ ಹಾಕಿಸಿಕೊಂಡು ಹೊಸದೊಂದು ಕಾನೂನು ತಂದಿದ್ದಾಳೆ. ತುಳಿದವರು ಸೋಪು ಹಾಕಿ ಕಾಲು ತೊಳೆದು, ಅಂಗಾಲು ತೋರಿಸಬೇಕು. ಆಮೇಲೇ ಕಾಫಿ. ಇವತ್ತು ಎಲ್ಲರೂ ಪಾಸಾಗಿ ಲೋಟ ಹಿಡಿದು ಕೂತ ಮೇಲೆ ನನ್ನ ಸರದಿ ಬಂತು. ಹೆಬ್ಬೆರಳ ಬುಡದಲ್ಲಿ ಒಂದು ಚುಕ್ಕೆ.

“ಕರೆ ದೊಡ್ಡಮ್ಮ” ಅಂದೆ, ಹಳೇ ಚಾಳಿ.

ಅವಳು ಸೆರಗಿನ ತುದಿ ಒದ್ದೆ ಮಾಡಿ ಉಜ್ಜಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. “ಕರೆನೇ ಅನ್ಸುತ್ತೆ” ಅಂದಳು. ನಾನು ಉಸಿರು ಬಿಟ್ಟು ಲೋಟಕ್ಕೆ ಕೈ ಚಾಚಿದೆ.

“ಆದ್ರೂ ನಂದು ಬರೀ ಕಣ್ಣು. ಸೋಮವಾರ ಡಾಕ್ಟ್ರಿಗೆ ನನ್ನ ಕಾಲು ತೋರ್ಸಕ್ಕೆ ಹೆಂಗೂ ಹೋಗ್ತೀವಲ್ಲ, ಅಲ್ಲಿ ನೀನೂ ಚಪ್ಪಲಿ ಬಿಚ್ಚು.”

ಎರಡು ವರ್ಷ ಕರೆ ಕರೆ ಎಂದು ಸಾಧಿಸಿದ್ದ ಬಾಯಿ ಈ ಸಲ ಹೂಂ ಅಂದಿತು. ಆಮೇಲೇ ಕಾಫಿ ಸಿಕ್ಕಿತು.