ಒಂದೂವರೆ ಸಾಲಿನ ಷರಾ

ನಂಜುಂಡನಿಗೆ ಮನೆಗೆ ಹೋಗಬೇಕೆಂಬ ಆಸೆಯಿತ್ತು. ಅವನಿಗೆ ಮನೆಯೇ ಬೇಡವಾಗಿದೆ ಎಂದು ಅವನ ಹೆಂಡತಿಗೆ ಹೇಳಿದವನು ನಾನು. ಅದು ಸುಳ್ಳು. ಅವನ ಬಿಡುಗಡೆ ತಪ್ಪಿದ್ದು ನಾನು ಬರೆದ ಒಂದೂವರೆ ಸಾಲಿನಿಂದ — ಆ ಸಾಲೂ ಸುಳ್ಳೇ. ಎರಡನ್ನೂ ಗೊತ್ತಿದ್ದೇ ಮಾಡಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸುತ್ತಿ ಬಳಸಿ ಹೇಳಲು ಹೊರಟರೆ ನಡುವೆ ಎಲ್ಲಾದರೂ ನನ್ನನ್ನು ನಾನೇ ಬಿಡಿಸಿಕೊಂಡುಬಿಡುತ್ತೇನೆ. ಅದರಲ್ಲಿ ನಾನು ಪಳಗಿದ ಕೈ.

ನಾನು ಜೈಲಿನಲ್ಲಿ ಹೆಡ್ ವಾರ್ಡರ್ ಆಗಿದ್ದವನು. ಈಗ ನಿವೃತ್ತಿಯಾಗಿ ಶ್ರೀಗಂಧದ ಕಾವಲ್‌ನಲ್ಲಿ ಮಗನ ಜೊತೆ ಇದ್ದೇನೆ. ಯಾವ ಜೈಲು ಎಂಬುದು ಬೇಡ. ಇಲ್ಲಿ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ.

ನಮ್ಮ ಜೈಲಿನಲ್ಲಿ ಒಂದು ಬ್ಯಾರಕ್ಕನ್ನು ನಡೆಸಲು ಒಂದು ಕ್ರೈಸ್ತ ಸಂಸ್ಥೆಗೆ ವಹಿಸಿದ್ದರು. ಕೈದಿಗಳು ಅದನ್ನು ಪ್ರಾರ್ಥನಾ ಬ್ಯಾರಕ್ ಎನ್ನುತ್ತಿದ್ದರು. ಬೆಳಗ್ಗೆ ಹಾಡು, ಬೈಬಲ್ ಓದು; ಮಧ್ಯಾಹ್ನ ಹೊಲಿಗೆ ಕೆಲಸ; ಸಂಜೆ ಕುಡಿತ ಬಿಡುವ ಬಗ್ಗೆ, ಸಿಟ್ಟು ತಡೆಯುವ ಬಗ್ಗೆ ಪಾಠ. ನಡೆಸುತ್ತಿದ್ದವರು ಬ್ರದರ್ ಆನಂದರಾಜ್. ತೆಳ್ಳನೆಯ ಮನುಷ್ಯ, ಒಬ್ಬೊಬ್ಬ ಕೈದಿಯ ಮಕ್ಕಳ ಹೆಸರೂ ಅವರಿಗೆ ಬಾಯಿಪಾಠ. ನಿಜ ಹೇಳಬೇಕು — ಅಲ್ಲಿ ಒಳ್ಳೆಯದೂ ಇತ್ತು. ಹೊಡೆದಾಟ ಇರಲಿಲ್ಲ, ಗಾಂಜಾ ಇರಲಿಲ್ಲ. ಯಾರನ್ನೂ ಮತಾಂತರ ಮಾಡಲಿಲ್ಲ. ಕುಂಕುಮ ಇಟ್ಟುಕೊಂಡೇ ಕೂತು ಹಾಡುತ್ತಿದ್ದವರು ಅರ್ಧಕ್ಕರ್ಧ ಜನ. ಅದನ್ನು ಮರೆಮಾಚಿದರೆ ನಾನು ಇನ್ನೊಂದು ಸುಳ್ಳು ಸೇರಿಸಿದಂತಾಗುತ್ತದೆ.

ಆದರೆ ಪಕ್ಕದ ಬ್ಯಾರಕ್ಕುಗಳಲ್ಲಿ ಮಗ್ಗುಲು ಬದಲಿಸಲೂ ಜಾಗವಿರಲಿಲ್ಲ, ಕಕ್ಕಸಿಗೆ ಬೆಳಗ್ಗೆ ಒಂದು ಗಂಟೆ ಸಾಲು ನಿಲ್ಲಬೇಕಿತ್ತು. ಇಲ್ಲಿ ಸುಣ್ಣ ಬಳಿದ ಗೋಡೆ, ತಿರುಗುವ ಫ್ಯಾನು, ಕಾಲು ಚಾಚುವಷ್ಟು ನೆಲ. 'ಇಷ್ಟವಿದ್ದರೆ ಬನ್ನಿ, ಬಲವಂತವಿಲ್ಲ' ಎಂದು ಬ್ರದರ್ ಹೇಳುತ್ತಿದ್ದರು, ಮನಸಾರೆ ಹೇಳುತ್ತಿದ್ದರು. ಬೀಗ ಹಾಕಿದ ಜಾಗದಲ್ಲಿ ಇಷ್ಟ ಎಂಬ ಮಾತಿಗೆ ಎಷ್ಟು ಅರ್ಥ — ಅದನ್ನು ಅವರೂ ಯೋಚಿಸಲಿಲ್ಲ, ಮೂವತ್ತು ವರ್ಷ ಬೀಗ ಹಾಕಿದ ನಾನೂ ಯೋಚಿಸಲಿಲ್ಲ.

ಅಲ್ಲಿ ಒಂದು ಪದ್ಧತಿ ಇತ್ತು. ಕೈದಿಗಳು ಅದಕ್ಕೆ 'ಎದ್ದೇಳೋ ಭಾನುವಾರ' ಎಂದು ಹೆಸರಿಟ್ಟಿದ್ದರು. ಕಲಿಕೆಯ ಒಂದು ವರ್ಷ ಮುಗಿದವನು ಒಂದು ಭಾನುವಾರ ಎಲ್ಲರೆದುರು ಎದ್ದು ನಿಂತು, ತಾನು ಮಾಡಿದ ಪಾಪವನ್ನು, ಯಾಕೆ ಮಾಡಿದೆ ಎಂಬುದನ್ನು, ಬಾಯಿ ಬಿಟ್ಟು ಹೇಳಬೇಕು. ಹೊರಗಿನಿಂದ ಬಂದವರೂ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಬ್ರದರ್‌ಗೆ ಅದು ಪ್ರಾರ್ಥನೆಯ ಒಂದು ಭಾಗ. ನಾನು ಅವರ ಧರ್ಮದವನಲ್ಲ. ನನಗೆ ಅದು ಪರೀಕ್ಷೆಯಂತೆ ಕಂಡಿತು. ಎದ್ದು ಅತ್ತವನು ಪಾಸು, ಕೂತವನು ಫೇಲು. ಹಾಗೆ ಮಾಡಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಷರಾ ಬರೆಯುವ ಕೆಲಸ ನನ್ನದಾಗಿತ್ತು, ಸನ್ನಡತೆಯ ಮೇಲೆ ಬಿಡುಗಡೆಗೆ ಹೆಸರು ಆರಿಸುವಾಗ ಆಫೀಸಿನವರು ಆ ಷರಾ ನೋಡುತ್ತಿದ್ದರು. ಅಷ್ಟು ಸಾಕಾಯಿತು.

'ಈ ಬ್ಯಾರಕ್ಕಿನಿಂದ ಹೊರಗೆ ಹೋದವನು ಒಬ್ಬನೂ ಜೈಲಿಗೆ ವಾಪಸ್ ಬಂದಿಲ್ಲ' — ಬಂದವರಿಗೆಲ್ಲ ಈ ಮಾತು ಹೇಳುವವನು ನಾನೇ. ಅವರು ನನ್ನ ಕೈ ಕುಲುಕುತ್ತಿದ್ದರು, ಫೋಟೋದಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತಿದ್ದರು. ಖಾಕಿ ಹಾಕಿದ ವಾರ್ಡರನ್ನು ಯಾರು ಅಷ್ಟು ಗೌರವದಿಂದ ನೋಡುತ್ತಾರೆ ಹೇಳಿ? ನಾನು ಉಬ್ಬಿಹೋಗಿದ್ದೆ. ಆ ಮಾತು ಸುಳ್ಳಾಗದಂತೆ ನೋಡಿಕೊಳ್ಳುವುದೂ ನನಗೆ ಗೊತ್ತಿತ್ತು. ಯಾರ ಮೇಲೆ ಅನುಮಾನವೋ ಅವನನ್ನು ಬಿಡುಗಡೆಗೆ ಮೊದಲೇ ಬೇರೆ ಬ್ಯಾರಕ್ಕಿಗೆ ಹಾಕಿಸುತ್ತಿದ್ದೆ. ಆಮೇಲೆ ಅವನು ಏನು ಮಾಡಿದರೂ ನಮ್ಮವನಲ್ಲ. ಕುಮಾರ ಎಂಬೊಬ್ಬ, ಎದ್ದೇಳೋ ಭಾನುವಾರ ಎಲ್ಲರನ್ನೂ ಅಳಿಸಿ ಹೊರಗೆ ಹೋದವನು, ವರ್ಷದೊಳಗೆ ದರೋಡೆ ಕೇಸಿನಲ್ಲಿ ಮತ್ತೆ ಒಳಗೆ ಬಂದ. ಅವನನ್ನು ಮೂಲೆಯ ಬ್ಯಾರಕ್ಕಿಗೆ ಕಳಿಸಿ, 'ಬಾಯಿ ಮುಚ್ಕೊಂಡಿರು' ಎಂದೆ. ಬ್ರದರ್‌ಗೆ ತಿಳಿಸಲಿಲ್ಲ.

ನಂಜುಂಡ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯೊಂದರಲ್ಲಿ ಕೆಲಸಗಾರನಾಗಿದ್ದ. ತಾನಿದ್ದ ವಠಾರದ ಇನ್ನೊಂದು ಮನೆಯವನನ್ನು ಕಬ್ಬಿಣದ ಸಲಾಕೆಯಿಂದ ಹೊಡೆದು ಕೊಂದ. ನಲ್ಲಿ ನೀರಿನ ಜಗಳ ಎಂದು ಕೋರ್ಟಿನಲ್ಲಿ ಹೇಳಿದ, ಜೀವಾವಧಿ ಆಯಿತು. ಹದಿನಾಲ್ಕು ವರ್ಷದಿಂದ ಒಳಗಿದ್ದ, ಒಂದು ವರ್ಷದಿಂದ ಪ್ರಾರ್ಥನಾ ಬ್ಯಾರಕ್ಕಿನಲ್ಲಿ. ಒಂದು ಜಗಳವಿಲ್ಲ, ಒಂದು ದೂರಿಲ್ಲ. ಅವನ ಹೆಂಡತಿ ಗಿರಿಜಮ್ಮ ಗಾರ್ಮೆಂಟ್ಸಿಗೆ ಹೋಗುವವರು, ಹದಿನೈದು ದಿನಕ್ಕೊಮ್ಮೆ ರಜೆ ಹಾಕಿ ನೋಡಲು ಬರುತ್ತಿದ್ದರು. ಮಗಳನ್ನು ಮಾತ್ರ ಅವನು ಜೈಲಿನ ಹತ್ತಿರ ಬರಗೊಡಲಿಲ್ಲ. ಆ ವರ್ಷ ಬಿಡುಗಡೆಯ ಪಟ್ಟಿಯಲ್ಲಿ ಅವನ ಹೆಸರು ಬಂದೇ ಬರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಗಿರಿಜಮ್ಮ ಮನೆಗೆ ಹೊಸ ಚಾಪೆ ದಿಂಬು ತಂದಿದ್ದಾರಂತೆ ಎಂದು ಅವನೇ ನಾಚಿಕೊಂಡು ಹೇಳಿದ್ದ.

ಅವನು ಎದ್ದು ನಿಲ್ಲುವ ಭಾನುವಾರಕ್ಕೆ ಮೂರು ದಿನ ಮೊದಲು ನೀರಿನ ತೊಟ್ಟಿಯ ಹತ್ತಿರ ನನ್ನನ್ನು ನಿಲ್ಲಿಸಿದ.

"ಸಾರ್, ನನ್ನ ಎದ್ದು ನಿಲ್ಸಬೇಡಿ. ನೀರಿನ್ ಜಗಳ ಅಂದಿದ್ದು ಸುಳ್ಳು. ದೇವ್ರ ಮುಂದೆ ಸುಳ್ ಹೇಳಕ್ಕಾಗಲ್ಲ, ನಿಜ ಹೇಳಕ್ಕೂ ಆಗಲ್ಲ."

"ನಿಜ ಏನೋ ಹಾಗಾದ್ರೆ?"

ಯಾರಿಗೂ ಹೇಳುವುದಿಲ್ಲವೆಂದು ನನ್ನ ಮಗನ ಮೇಲೆ ಆಣೆ ಹಾಕಿಸಿಕೊಂಡು ಹೇಳಿದ. ಅದು ಅವನ ಮಗಳ ವಿಷಯ. ಕೊಲೆಯ ಹೊತ್ತಿಗೆ ಅವಳಿಗೆ ಹನ್ನೊಂದು ವರ್ಷ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ — ಬೇಕಾಗಿಯೂ ಇಲ್ಲ. ಅವಳ ಹೆಸರು ಪೊಲೀಸರ, ವಕೀಲರ ಬಾಯಿಗೆ ಬೀಳಬಾರದೆಂದು ಆ ಮನುಷ್ಯ ಹದಿನಾಲ್ಕು ವರ್ಷ ನೀರಿಗಾಗಿ ಕೊಲೆ ಮಾಡಿದವನಾಗಿ ಬದುಕಿದ್ದ.

ನಾನು ಏನು ಮಾಡಬೇಕಿತ್ತು? ಬ್ರದರ್‌ಗೆ, 'ಇವನನ್ನು ಬಿಟ್ಟುಬಿಡಿ' ಎಂದರೆ ಮುಗಿಯುತ್ತಿತ್ತು. ಅವರು ಯಾಕೆಂದು ಕೂಡ ಕೇಳುತ್ತಿರಲಿಲ್ಲ. ಆದರೆ ಆ ಭಾನುವಾರ ದೊಡ್ಡವರು ಬರುವವರಿದ್ದರು, ನಂಜುಂಡನೇ ನಮ್ಮ ಬ್ಯಾರಕ್ಕಿನ ಒಳ್ಳೆಯ ಹೆಸರು. "ಏನೋ ಎರಡು ಮಾತು ಹೇಳಿ ಕೂತ್ಕೊಳ್ಳೋ" ಎಂದೆ. ಅವನು ತನ್ನ ಬಕೆಟ್ ಎತ್ತಿಕೊಂಡು ಹೋದ.

ಭಾನುವಾರ ಅವನ ಹೆಸರು ಕರೆದರು. ಅವನು ಏಳಲಿಲ್ಲ. ಮತ್ತೆ ಕರೆದರು. ತಲೆ ತಗ್ಗಿಸಿ ಕೂತೇ ಇದ್ದ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಜೈಲಿನ ಸೂಪರಿಂಟೆಂಡೆಂಟ್ ಸಾಹೇಬರು ನನ್ನ ಕಡೆ ನೋಡಿದರು. ಬ್ರದರ್ ಏನೂ ಆಗದವರಂತೆ ಮುಂದಿನವನನ್ನು ಕರೆದರು. ಆದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮರ್ಯಾದೆ ತೆಗೆದ ಎಂಬುದೊಂದೇ ತಲೆಯಲ್ಲಿ. ಅವನ ಗುಟ್ಟು ಗೊತ್ತಿದ್ದ ಒಬ್ಬನೇ ಒಬ್ಬ ನಾನು, ಅವನ ಮೇಲೆ ಅಲ್ಲಿ ಸಿಟ್ಟಾದವನೂ ನಾನೊಬ್ಬನೇ.

ಅದೇ ಸಂಜೆ ಬರೆದೆ: 'ಆತ್ಮಪರಿಶೀಲನೆಗೆ ಒಪ್ಪಿರುವುದಿಲ್ಲ. ಕೃತ್ಯದ ಬಗ್ಗೆ ಪಶ್ಚಾತ್ತಾಪ ಕಂಡುಬಂದಿರುವುದಿಲ್ಲ.' ಮರುದಿನವೇ ಅವನನ್ನು ಸಾಮಾನ್ಯ ಬ್ಯಾರಕ್ಕಿಗೆ ಹಾಕಿಸಿದೆ. ಬಿಡುಗಡೆಯ ಪಟ್ಟಿ ಬಂದಾಗ ಅದರಲ್ಲಿ ಅವನ ಹೆಸರಿರಲಿಲ್ಲ.

ಅದಾದ ಮೇಲೆ ಗಿರಿಜಮ್ಮ ಬಂದರು. ಪಟ್ಟಿಯ ಸುದ್ದಿ ಅವರಿಗೆ ಮುಟ್ಟಿತ್ತು. ಸಂದರ್ಶನದ ಕಿಟಕಿಯ ಹತ್ತಿರ ನಾನೇ ಇದ್ದೆ.

"ಯಾಕ್ ಸಾರ್ ಹೆಸ್ರು ಬರ್ಲಿಲ್ಲ? ಎಲ್ರೂ ಎದ್ದು ಮಾತಾಡಿದ್ರಂತೆ, ಇವ್ರ್ ಮಾತ್ರ ಆಡ್ಲಿಲ್ವಂತೆ?"

'ನಾನು ಬರೆದ ಷರಾದಿಂದ' ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಅವನಿಗೇ ಮನೆ ಬೇಡವಾಗಿದೆ ಕಣಮ್ಮ. ನಾವೇನ್ ಮಾಡಕ್ಕಾಗತ್ತೆ? ಇವತ್ತೂ ಬರಲ್ಲ ಅಂದ."

ಅವನನ್ನು ನಾನು ಕರೆಸಿಯೇ ಇರಲಿಲ್ಲ. ಆಕೆ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವನ್ನು ಕಿಟಕಿಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಹೊರಟುಹೋದರು. ಮತ್ತೆ ಬರಲಿಲ್ಲ. ಬೇಡವೆಂದವನ ಮುಂದೆ ಹೋಗಿ ಅಂಗಲಾಚುವ ಹೆಂಗಸಲ್ಲ ಆಕೆ. ನಂಜುಂಡ ಸರದಿ ಸಿಕ್ಕಾಗಲೆಲ್ಲ ಜೈಲಿನ ಫೋನಿನಿಂದ ಕರೆ ಮಾಡುತ್ತಿದ್ದ. ಗಾರ್ಮೆಂಟ್ಸಿನಲ್ಲಿ ಕೆಲಸದ ಹೊತ್ತಿಗೆ ಫೋನನ್ನು ಹೊರಗಿಡಬೇಕು, ಅದು ರಿಂಗಾಗಿ ರಿಂಗಾಗಿ ನಿಂತುಹೋಗುತ್ತಿತ್ತು; ಸಂಜೆ ಆಕೆ ನೋಡಿದರೆ ಯಾವುದೋ ಗುರುತಿಲ್ಲದ ನಂಬರು.

ಅವನನ್ನು ಹಾಕಿಸಿದ ಸಾಮಾನ್ಯ ಬ್ಯಾರಕ್ಕಿನಲ್ಲಿ ಕ್ಷಯ ಹರಡಿತ್ತು, ಅವನಿಗೂ ಅಂಟಿತು. ಎಂಟು ತಿಂಗಳಿಗೆ ನಂಜುಂಡ ಹೋದ. ಕೊನೆಯ ವಾರ ಆಸ್ಪತ್ರೆಯ ವಾರ್ಡಿಗೆ ಒಮ್ಮೆ ಹೋಗಿದ್ದೆ. ಅವನು ನನ್ನನ್ನು ಬೈಯಲಿಲ್ಲ. ಷರಾದ ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ — ಕೇಳುವ ಧೈರ್ಯ ನನಗೆ ಆಗಲಿಲ್ಲ.

ಇದನ್ನೆಲ್ಲ ನುಂಗಿಕೊಂಡು ಆರು ವರ್ಷ ಚೆನ್ನಾಗಿಯೇ ಇದ್ದೆ. ಊಟ ಸೇರುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಈ ವರ್ಷ ಅಂಥದ್ದೇ ಬ್ಯಾರಕ್ಕನ್ನು ಇನ್ನೊಂದು ಜೈಲಿನಲ್ಲೂ ತೆರೆಯಬೇಕೆಂದು ಬ್ರದರ್ ರಾಜಾಜಿನಗರದಲ್ಲಿ ಒಂದು ಸಭೆ ಕರೆದರು, ನನ್ನನ್ನೂ ಮಾತಾಡಿಸಿದರು. ಅಭ್ಯಾಸಬಲ — 'ಒಬ್ಬನೂ ವಾಪಸ್ ಬಂದಿಲ್ಲ' ಎಂದುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ನಂಜುಂಡನೂ ವಾಪಸ್ ಬರಲಿಲ್ಲವಲ್ಲ, ಅವನೂ ಈ ಲೆಕ್ಕಕ್ಕೆ ಸೇರಿದನೇ ಎಂದು ಅನ್ನಿಸಿತು. ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಕೆಳಗಿಳಿದ ಮೇಲೆ ಬ್ರದರ್ ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಮಗಳ ವಿಷಯವೊಂದನ್ನು ಬಿಟ್ಟು.

"ಎದ್ದು ನಿಲ್ಲದೇ ಇದ್ದವ್ರನ್ನ ಹೊರಗೆ ಹಾಕಿ ಅಂತ ನಾನ್ ಯಾವತ್ತು ಹೇಳಿದ್ದೆ ಸಾರ್?" ಎಂದರು. ಆಮೇಲೆ ಅವರೇ, "ಹಾಗೆ ಹೋದವ್ರು ಎಲ್ಲಿಗೆ ಹೋದ್ರು ಅಂತ ನಾನೂ ಕೇಳ್ಲಿಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನನಗೆ ಸಮಾಧಾನ ತರಲಿಲ್ಲ.

ಇಲಾಖೆಗೆ ಕಾಗದ ಬರೆದಿದ್ದೇನೆ — ಆ ಷರಾ ಸುಳ್ಳು, ಬರೆದವನು ನಾನು, ಕುಮಾರನ ಸಂಗತಿಯೂ ಹೀಗೆ ಎಂದು. ಅವರು ಏನು ಮಾಡುತ್ತಾರೋ ಮಾಡಲಿ. ಪ್ರಾರ್ಥನೆಯ ಮೇಲೆ ನನ್ನ ತಕರಾರಿಲ್ಲ. ಅದನ್ನು ಹೊರಬಾಗಿಲಿನ ಬೀಗಕ್ಕೆ ಕಟ್ಟಬಾರದಿತ್ತು. ಕಟ್ಟಿದ ಗಂಟು ನನ್ನ ಕೈಯದು.

ನಂಜುಂಡನ ಮಗಳು ಕೆಂಗೇರಿಯಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ. ಹುಡುಕಿಕೊಂಡು ಹೋದೆ. ಲ್ಯಾಬಿನ ಹೊರಗೆ ನಿಂತೇ ಹೇಳಿದೆ. ಕಾರಣವನ್ನು ನಾನು ಬಾಯಿ ಬಿಡಲಿಲ್ಲ, ಅವಳೇ ಆಡಿದಳು.

"ನನ್ನಿಂದ ಅಂತ ನಂಗೊತ್ತು ಸಾರ್. ಒಂದ್ ಸಲ ನನ್ನ ಕರ್ದು ಕೇಳಿದ್ರೆ ನಾನೇ ಬಂದು ಅಷ್ಟೂ ಜನದ ಮುಂದೆ ಹೇಳ್ತಿದ್ದೆ. ನಂಗೇನ್ ನಾಚಿಕೆ? ತಪ್ಪು ನಂದಾ?"

ಒಳಗೆ ಹೋಗಲು ತಿರುಗಿದವಳು ಬಾಗಿಲ ಹತ್ತಿರ ಮತ್ತೆ ನಿಂತಳು.

"ಬರಿಯೋದಿದ್ರೆ ಬರೀರಿ, ನನ್ನ ಹೆಸ್ರು ಹಾಕಬೇಡಿ. ಅಮ್ಮಂಗೆ ಮಾತ್ರ ನೀವೇ ಹೋಗಿ ಹೇಳಿ. ಅಪ್ಪಂಗೆ ನಾವು ಬೇಡವಾಗಿದ್ವಿ ಅಂತ್ಲೇ ಇವತ್ತಿಗೂ ಅಂದ್ಕೊಂಡಿದಾಳೆ."

ಮೊನ್ನೆ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಗಿರಿಜಮ್ಮ ನನ್ನ ಗುರುತು ಹಿಡಿದರು, ಕುರ್ಚಿ ಹಾಕಿದರು. ನಾನು ಕೂರಲಿಲ್ಲ. ಷರಾದ ವಿಷಯ ಹೇಳಿದೆ. ಕಿಟಕಿಯ ಹತ್ತಿರ ಆಡಿದ್ದು ಸುಳ್ಳೆಂದು ಹೇಳಿದೆ. ಅವನನ್ನು ನಾನು ಕರೆಸಿಯೇ ಇರಲಿಲ್ಲ ಎಂದೂ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ಮನೆಗ್ ಬರೋ ಆಸೆ ಇತ್ತಾ ಅವ್ರಿಗೆ?"

"ಇತ್ತು ಕಣಮ್ಮ."

ನನಗೆ ಹಾಕಿದ್ದ ಕುರ್ಚಿಯನ್ನು ಗೋಡೆಗೆ ಸರಿಸಿದರು. ಆಮೇಲೆ, "ನಾನ್ ಬರ್ತಿರ್ಲಿಲ್ವಲ್ಲ… ಅದಕ್ಕೆ ಅವ್ರು ಏನಾರ ಕೇಳಿದ್ರಾ ಸಾರ್?" ಎಂದರು.

ಇಲ್ಲ ಎಂದುಬಿಡಬಹುದಿತ್ತು. ಇಲ್ಲ ಎಂದಿದ್ದರೆ ಆಕೆಗೆ ಎಷ್ಟೋ ಹಗುರವಾಗುತ್ತಿತ್ತು, ನನಗೂ.

"ಸಂದರ್ಶನದ ದಿನ ಬಂದಾಗೆಲ್ಲ ಕೇಳ್ತಿದ್ದ" ಎಂದೆ.