ಹಿಟ್ಟಿನಲ್ಲಿ ಮುಚ್ಚಿಟ್ಟ ಲಿಂಗ

ದೊಡ್ಡವ್ವನ ಎಡಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು, ಕಾಣದ ಬತ್ತಿಯೊಂದನ್ನು ಹೊಸೆಯುವಂತೆ.

ಆಕೆ ನಮ್ಮವ್ವನ ಅಕ್ಕ. ನಿಜಾಮರ ಆಳ್ವಿಕೆಯ ಕೊನೆಯ ದಂಗೆಯ ದಿನಗಳಲ್ಲಿ ತನ್ನೂರು ಡಾಬಕಾ ಬಿಟ್ಟು ಭಾಲ್ಕಿಗೆ, ನಮ್ಮ ಮನೆಗೆ ಬಂದವಳು, ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೂ ಇಲ್ಲೇ ಉಳಿದಳು. ರೊಟ್ಟಿ ಬಡಿಯುವುದರಲ್ಲಿ ಗಟ್ಟಿಗಿತ್ತಿ. ಅವ್ವನ ರೊಟ್ಟಿಯ ಅಂಚು ಹರಿದರೆ, "ಇದು ರೊಟ್ಟಿನೋ, ನಿಜಾಮರ ನಕಾಶಿನೋ?" ಎನ್ನುತ್ತಿದ್ದಳು.

"ಕಾಣಬಾರದ್ದು ಕಂಡಾಳ. ಅಂಜಿಕಿ ಕೈಯಾಗ ಕುಂತದ," ಎಂದಳು ಪಕ್ಕದ ಮನೆಯಾಕೆ. ಅಪ್ಪ ರೈಲಿನಲ್ಲಿ ಬೀದರಕ್ಕೆ ಕರೆದೊಯ್ದರು. ಹಕೀಮರು ನಾಡಿ ಹಿಡಿದು, "ನರದ ಬ್ಯಾನಿ ಅದರಿ ಅಮ್ಮಾ, ಅಂಜಿಕಿದಲ್ಲ," ಎಂದು ಪುಡಿ ಕೊಟ್ಟರು. ದೊಡ್ಡವ್ವ ಅದನ್ನು ಮುಟ್ಟಲಿಲ್ಲ.

"ಹಕೀಮ ಸಾಹೇಬ್ರಿಗಿ ಹಿಟ್ಟಿನ ಸುದ್ದಿ ಗೊತ್ತಿಲ್ಲ, ಮಗಳ," ಎಂದು ನನ್ನೊಬ್ಬಳಿಗೇ ಹೇಳಿದಳು. ಡಾಬಕಾದಿಂದ ಬರುವಾಗ ಸುಲಿಗೆಯವರ ಭಯಕ್ಕೆ ಕೊರಳಿನ ಲಿಂಗವನ್ನು ಬೆಳ್ಳಿಯ ಕರಡಿಗೆ ಸಮೇತ ಜೋಳದ ಹಿಟ್ಟಿನ ಗಡಿಗೆಯಲ್ಲಿ ಮುಚ್ಚಿಟ್ಟಿದ್ದಳು. ಜೀವವಿರುವತನಕ ಮೈಯಿಂದ ತೆಗೆಯಬಾರದ ಲಿಂಗ ಎರಡು ದಿನ ಮೈಮೇಲಿರಲಿಲ್ಲ. "ಯಾವ ಕೈಲೆ ತೆಗದೆನೋ, ಆ ಕೈನೇ ಪಾಪ ಹಿಡದದ."

ಪೂಜೆಯಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟೇ ನೋಡಬೇಕು. ಒಂದು ಸೋಮವಾರ ಅದು ಅಂಗೈಯ ಅಂಚಿಗೆ ಜಾರಿತು. ಬಲಗೈಯಿಂದ ಹೇಗೋ ಹಿಡಿದುಕೊಂಡಳು. ಮರುದಿನದಿಂದ ಪೂಜೆ ನಿಂತಿತು. ಪೂಜೆಯಿಲ್ಲದೆ ಆಕೆಗೆ ಊಟವಿಲ್ಲ. ಗುರುವಾರದ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದಳು, ಆದರೂ ನಮಗೆಲ್ಲ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ.

ಆಕೆ ಎಲ್ಲಿ ಕುಸಿಯುತ್ತಾಳೋ ಎಂದು ನಾನು ಶಾಲೆ ತಪ್ಪಿಸಿ ಎದುರೇ ಕುಳಿತೆ. ಸುಮ್ಮನಿರಲಾರದೆ ದಿನಚರಿಯಲ್ಲಿ ಗೆರೆ ಎಳೆದೆ. ಕೈ ತೊಡೆಯ ಮೇಲಿದ್ದಾಗ ಹದಿನಾಲ್ಕು ಸಲ ನಡುಕ, ರೊಟ್ಟಿ ಬಡಿಯುವಾಗ ಒಂದೂ ಇಲ್ಲ. ಹಳೆಯ ಪುಟಗಳನ್ನೂ ತಿರುವಿದೆ. ದಂಗೆಗೆ ಹಿಂದಿನ ಬೇಸಿಗೆ ರಜೆಯಲ್ಲಿ ಡಾಬಕಾದಲ್ಲಿ ಬರೆದದ್ದು ಸಿಕ್ಕಿತು: "ದೊಡ್ಡವ್ವನ ಹೆಬ್ಬೆರಳು ತಾನೇ ಕುಣಿಯುತ್ತದೆ. ಕೇಳಿದರೆ ನಕ್ಕಳು."

ಓದಿ ತೋರಿಸಿದೆ. "ಹಿಟ್ಟಿನಾಗ ಇಡೂಕಿಂತ ಮೊದಲೇ ನಡಗತಿತ್ತು, ದೊಡ್ಡವ್ವಾ. ನಿಂದೇನೂ ತಪ್ಪಿಲ್ಲ."

ಆಕೆ ಆ ಸಾಲಿನ ಮೇಲೆ ಬೆರಳಾಡಿಸಿದಳು. "ಅಂದ್ರ ನಾ ತೆಗೀತೇನಿ ಅಂತ ಲಿಂಗದೇವಗ ಮೊದಲೇ ಗೊತ್ತಿತ್ತು," ಎಂದಳು.

ನನ್ನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. "ಗೊತ್ತಿದ್ದೂ ನಿನ್ನ ಕೊರಳಾಗೇ ಕುಂತಾನಲ್ಲ. ಬಿಟ್ಟು ಹೋಗ್ಯಾನೇನು?" ಎಂದೆ.

ದೊಡ್ಡವ್ವ ಕೊರಳಿನ ಕರಡಿಗೆ ಬಿಚ್ಚಿದಳು. ಆಮೇಲೆ, "ವಿಭೂತಿ ತಾ," ಎಂದಳು. ಆಕೆಯ ಅಂಗೈ ಕೆಳಗೆ ನನ್ನ ಅಂಗೈ ಇಟ್ಟೆ. ಲಿಂಗ ನಡುಗಿತು, ಜಾರಲಿಲ್ಲ. ಆ ದಿನ ಒಂದೂವರೆ ರೊಟ್ಟಿ ತಿಂದಳು.

ಅದು ರೋಗವೆಂದು ಆಕೆ ಕೊನೆಯವರೆಗೂ ಒಪ್ಪಲಿಲ್ಲ. ಒಪ್ಪಿಸಲು ನಾನೂ ಮತ್ತೆ ಹೋಗಲಿಲ್ಲ. ಕಳೆದ ಶ್ರಾವಣದಲ್ಲಿ ತೀರಿಕೊಂಡಳು. ಸಮಾಧಿಯಲ್ಲಿ ಕೂರಿಸಿ ಎಡ ಅಂಗೈಯಲ್ಲಿ ಲಿಂಗವಿಟ್ಟರು. ಕೈ ಅಲುಗಲಿಲ್ಲ. ಅಷ್ಟು ಸುಮ್ಮನಿದ್ದ ಆ ಕೈ ನನಗೆ ಯಾರದೋ ಎನ್ನಿಸಿತು.