ಮೇಲಕ್ಕೆ ತಿರುಗಿಸಿದ ಕನ್ನಡಿ

ಬೀದಿದೀಪಗಳು ಇನ್ನೂ ಆರಿಲ್ಲ. ಚರ್ಮದ ಕ್ಲಿನಿಕ್ಕಿನ ಹಿಂದಿನ ಗೇಟಿಗೆ ತಾಗಿಕೊಂಡು ಬೂದು ಬಣ್ಣದ ಕಾರೊಂದು ನಿಂತಿದೆ. ಮೈಮೇಲೆ ಹೆಸರಿಲ್ಲ, ಬೋರ್ಡಿಲ್ಲ. ಚಾಲಕರು ಹಿಂದಿನ ಸೀಟು ಒರೆಸಿ, ಕತ್ತಿಗೊಂದು ಮೆತ್ತನೆಯ ದಿಂಬಿಟ್ಟು, ಐಸ್ ಚೀಲಗಳಿಗೆ ಹತ್ತಿಬಟ್ಟೆ ಸುತ್ತುತ್ತಾರೆ. ಕಿಟಕಿಗಳ ಪರದೆ ಎಳೆಯುತ್ತಾರೆ. ಕೊನೆಗೆ ತಮ್ಮ ಸೀಟಿನಲ್ಲಿ ಕೂತು, ಕಣ್ಣೆದುರಿನ ಕನ್ನಡಿಯನ್ನು ಕಾರಿನ ಚಾವಣಿಯತ್ತ ತಿರುಗಿಸಿಬಿಡುತ್ತಾರೆ.

ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲು ತೆರೆದ ಸದ್ದಾಗುತ್ತದೆ. ನಾನು ಜೊತೆಗಿರಲು ಮೊದಲೇ ಒಪ್ಪಿಗೆ ಕೊಟ್ಟ ಒಬ್ಬರು ಹತ್ತಿ ಕೂರುತ್ತಾರೆ. ಮುಂದಿನ ಸೀಟಿನಲ್ಲಿರುವ ನನಗೆ ತಿರುಗಿ ನೋಡುವ ಚಪಲ. ಪತ್ರಿಕೆಯವರ ಕತ್ತು ಸುಮ್ಮನಿರುವುದಾದರೂ ಹೇಗೆ! ಚಾಲಕರು ಮೆಲ್ಲಗೆ ಗದರುತ್ತಾರೆ: "ಮುಂದೆ ನೋಡಿ ಮೇಡಂ. ನಮ್ಮ ಗಾಡೀಲಿ ಎಲ್ಲರೂ ಮುಂದೇನೇ ನೋಡೋದು."

ಕ್ಲಿನಿಕ್ಕಿನ ಹುಡುಗಿಯರಿಗೆ ಇವರು 'ಕನ್ನಡಿ ಮಾಮ'. ಕೆನ್ನೆ ತುಂಬಿಕೊಳ್ಳಲು, ತುಟಿ ದಪ್ಪಗಾಗಲು ಮುಖಕ್ಕೆ ಇಂಜೆಕ್ಷನ್ ಹಾಕಿಸಿಕೊಂಡವರನ್ನು ಮನೆ ಮುಟ್ಟಿಸುವುದು ಇವರ ಕೆಲಸ. ಯಾರ ಕಣ್ಣಿಗೂ ಬೀಳಬಾರದು ಅನ್ನುವವರಿಗಾಗಿಯೇ ಕ್ಲಿನಿಕ್ಕು ನಸುಕಿಗೇ ಬಾಗಿಲು ತೆರೆಯುತ್ತದೆ. ಚಂದ ಬರುವುದು ನಿಧಾನ, ಊತ ಬರುವುದು ಬೇಗ. ಮಾರನೆಯ ಬೆಳಿಗ್ಗೆ ಎದ್ದಾಗ ಇನ್ನೂ ಜಾಸ್ತಿ. ಅದು ಇಳಿದು ಮುಖ ಒಂದು ಹದಕ್ಕೆ ಬರುವವರೆಗೂ ಎಷ್ಟೋ ಮಂದಿ ಹೊಸ್ತಿಲು ದಾಟುವುದಿಲ್ಲ.

"ಶುರುವಿನಲ್ಲಿ ಒಬ್ಬರು ನನ್ನ ಕನ್ನಡೀಲಿ ತಮ್ಮ ಮುಖ ತಾವೇ ನೋಡ್ಕೊಂಡು ಕಿಟಾರನೆ ಕಿರುಚಿದ್ರು. ನಾನು ಬ್ರೇಕ್ ಒತ್ತಿದೆ, ಹಿಂದಿನ ಸ್ಕೂಟರ್‌ನವನು ಬಂದು ಗುದ್ದಿದ. ಅವತ್ತೇ ಇದನ್ನ ಮೇಲಕ್ಕೆ ತಿರುಗಿಸಿದೆ. ಅವರಿಗೂ ಕಾಣೋದು ಬೇಡ, ನನಗೂ ಕಾಣೋದು ಬೇಡ. ಪಕ್ಕದ ಎರಡು ಕನ್ನಡಿ ಸಾಕು, ಕಾರು ಓಡುತ್ತೆ," ಎಂದು ನಗುತ್ತಾರೆ ಮಾಮ.

ಇದಕ್ಕೂ ಮೊದಲು ಇವರು ಬೇಕರಿಯ ವ್ಯಾನ್ ಓಡಿಸುತ್ತಿದ್ದವರು. ಬೇಕರಿ ಮುಚ್ಚಿದಾಗ ಮಗಳಿನ್ನೂ ಶಾಲೆಯಲ್ಲಿದ್ದಳು, ಕೈ ಖಾಲಿ, ತಿಂಗಳುಗಟ್ಟಲೆ ಕಂಡಕಂಡಲ್ಲಿ ಕೆಲಸ ಕೇಳಿ ಅಲೆದಿದ್ದಾರೆ. ಆದರೆ ಬೇಕರಿ ಕಲಿಸಿದ ಹದ ಕೈಬಿಡಲಿಲ್ಲ. "ಕೆನೆ ಹಚ್ಚಿದ ಕೇಕು ನೋಡಿ, ಒಂದು ಹಂಪ್ ಎಗರಿಸಿದ್ರೆ ಸಾಕು, ಒಂದು ಕಡೆ ವಾಲ್ಕೊಂಡುಬಿಡೋದು. ಈಗಲೂ ಹಂಗೇ ಓಡಿಸ್ತೀನಿ. ಮುಖ ನೋಯ್ತಿರುತ್ತೆ ಪಾಪ." ಅಲ್ಲೊಂದು ಗುಂಡಿ ಬರುತ್ತದೆ. ಕಾರು ಅದನ್ನು ಬಳಸಿ ಹೋದದ್ದೇ ನನಗೆ ಗೊತ್ತಾಗುವುದಿಲ್ಲ.

ಇಳಿಸುವಾಗ ನರ್ಸಮ್ಮ ಹೇಳಿಕೊಟ್ಟ ಮಾತನ್ನು ಒಪ್ಪಿಸುತ್ತಾರೆ. "ತಲೆ ಎತ್ತರಕ್ಕೆ ಎರಡು ದಿಂಬು ಇಟ್ಕೊಂಡು ಮಲಗಿ. ಕೆನ್ನೆ ಒತ್ತಬೇಡಿ, ಉಜ್ಜಬೇಡಿ. ಊತಕ್ಕೆ ಹೆದರಬೇಡಿ, ಇಳಿಯುತ್ತೆ. ನೋವು ಏರ್ತಾನೇ ಹೋದ್ರೆ, ಚರ್ಮ ಬಿಳಿಚಿಕೊಂಡ್ರೆ, ಕಣ್ಣು ಮಂಜಾದ್ರೆ ಮಾತ್ರ ಆ ಕ್ಷಣವೇ ಫೋನ್ ಮಾಡಿ." ಅಷ್ಟೂ ಹೊತ್ತು ಅವರ ಕಣ್ಣು ಸ್ಟೀರಿಂಗ್ ಮೇಲೆಯೇ.

ಯಾರನ್ನು ಕೂರಿಸಿಕೊಂಡು ಬಂದೆ ಎಂದು ಇವರು ಮನೆಯಲ್ಲೂ ತುಟಿಪಿಟಕ್ ಅಂದವರಲ್ಲ. ಯಾವ ಕ್ಲಿನಿಕ್ಕು ಎಂಬುದೂ ಮನೆಯವರಿಗೆ ತಿಳಿದಿರಲಿಲ್ಲ. 'ಡ್ರೈವರ್ ಕೆಲಸ', ಅಷ್ಟೇ. ಆ ಮೌನ ಕಳೆದ ವರ್ಷ ಇವರನ್ನೇ ಚೆನ್ನಾಗಿ ಅರೆಯಿತು.

ಒಂದು ಬೆಳಿಗ್ಗೆ ಹಿಂದೆ ಹತ್ತಿದವರು ಬಾಗಿಲನ್ನು ಒಮ್ಮೆ ಎಳೆದು, ಸಾಲದೆಂದು ಮತ್ತೊಮ್ಮೆ ಎಳೆದರು. ಆಮೇಲೆ ಒಂದು ಸಣ್ಣ ಕೆಮ್ಮು. ಮಾಮನಿಗೆ ಅಷ್ಟು ಸಾಕಾಯಿತು. ಅದು ಅವರ ಸ್ವಂತ ಅಕ್ಕ!

"ಹಿಂದಿನಿಂದ ಅವನ ಬೋಳುತಲೆ ಕಂಡಿದ್ದೇ ತಡ, ನನ್ನ ಎದೆ ಧಸಕ್ ಅಂತು," ಎಂದು ನೆನೆಸಿಕೊಂಡು ನಗುತ್ತಾರೆ ಆ ಅಕ್ಕ. ಈ ಕತೆ ಬರೆಯಿರಿ ಎಂದು ಹೇಳಿದವರೂ ಅವರೇ. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಲ್ಲುವವರು. "ಹಲ್ಲು ಹೋದಮೇಲೆ ಕೆನ್ನೆ ಒಳಗೆ ಇಳಿದುಬಿಟ್ಟಿತ್ತು. ಬಂದವರೆಲ್ಲ 'ಯಾಕ್ರೀ, ಹುಷಾರಿಲ್ವಾ?' ಅನ್ನೋರು. ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಅವತ್ತು ಬಾಯಿ ಮರಗಟ್ಟಿ ದನಿ ಬೇರೆ ಆಗಿತ್ತಲ್ಲ, ಇವನಿಗೆ ಗುರುತು ಸಿಕ್ಕಿಲ್ಲ ಅಂದ್ಕೊಂಡೆ. ಮನೆಗೆ ಎರಡು ಬೀದಿ ಇರುವಾಗಲೇ ಇಳಿದೆ." ಹುಟ್ಟಿದಾಗಿನಿಂದ ಅಕ್ಕನನ್ನು 'ನೀನು' ಎಂದೇ ಕರೆದ ತಮ್ಮ ಅಂದು ದಿಂಬಿನ ಮಾತನ್ನೆಲ್ಲ 'ನೀವು' ಎಂದೇ ಹೇಳಿ ಮುಗಿಸಿದ್ದರು.

ಅದೇ ವಾರ ಮಾಮನ ಮಗಳು ಪಾಸಾದ ಖುಷಿಗೆ ಮನೆಯಲ್ಲಿ ಊಟ. ಜ್ವರ ಎಂದು ಹೇಳಿ ಅಕ್ಕ ಬರಲಿಲ್ಲ. ಮಾಮನ ಹೆಂಡತಿ ಪಾಪ, ಬುತ್ತಿ ಕಟ್ಟಿಕೊಂಡು ತಾವೇ ಹೋದರು. ಊದಿದ ಮುಖ ತೋರಿಸಲಾಗದ ಅಕ್ಕ ಒಳಗಿನಿಂದಲೇ, "ಅಲ್ಲೇ ಇಟ್ಟುಹೋಗು" ಅಂದರು. ಬಾಗಿಲು ತೆರೆಯಲಿಲ್ಲ.

"ನನಗೆ ಎಷ್ಟು ಅವಮಾನ ಆಯ್ತು ಗೊತ್ತಾ? ನಮ್ಮ ಮಗು ಮುಂದೆ ಬಂದಿದ್ದು ಅತ್ತಿಗೆಗೆ ಸಹಿಸಕ್ಕಾಗ್ತಿಲ್ಲ ಅಂದ್ಕೊಂಡೆ," ಎನ್ನುತ್ತಾರೆ ಹೆಂಡತಿ. "ಇನ್ನು ಅವರ ಹೊಸ್ತಿಲು ತುಳಿಯಲ್ಲ ಅಂದೆ. ಇವರ ಮೇಲೂ ಹರಿಹಾಯ್ದೆ. 'ಅವಳಿಗೂ ಏನೋ ಕಾರಣ ಇರುತ್ತೆ ಬಿಡು' ಅಂದ್ರೇ ಹೊರತು ಬೇರೆ ಮಾತಿಲ್ಲ. ಅಕ್ಕನ ಪರ ವಹಿಸ್ತಾರೆ ಅಂತ ಇನ್ನೂ ಉರೀತು."

ಒಂದೇ ಒಂದು ಮಾತು ಹೇಳಿದ್ದರೆ ಮನೆ ತಣ್ಣಗಾಗುತ್ತಿತ್ತು. ಯಾಕೆ ಹೇಳಲಿಲ್ಲ? ನಾನು ಕೇಳಿದ್ದಕ್ಕೆ ಮಾಮ ಗೇರು ಬದಲಿಸುತ್ತಾ ಹೇಳುತ್ತಾರೆ: "ಮನೇಲಿ ಅವಳು ಅಕ್ಕ. ಹಿಂದಿನ ಸೀಟಲ್ಲಿ ಕೂತಾಗ ಪ್ಯಾಸೆಂಜರ್. ಕಷ್ಟ ಆಯ್ತು ಮೇಡಂ, ಸುಳ್ಳು ಹೇಳಲ್ಲ. ಅವಳು ತಮ್ಮನ ಮನೇನೇ ಕಳ್ಕೋತಾಳೇನೋ ಅಂತ ನಿದ್ದೆ ಬರ್ತಿರಲಿಲ್ಲ. ಇತ್ತ ಮನೇಲೂ ಒಂದು ಮುಖ ಊದ್ಕೊಂಡಿತ್ತಲ್ಲ, ಅದಕ್ಕೆ ಐಸ್ ಇಡೋ ಧೈರ್ಯ ನನಗಿರಲಿಲ್ಲ!"

ಊತ ಇಳಿದ ಮೇಲೆ ಅಕ್ಕ ತಾವಾಗಿಯೇ ಬಂದರು, ತುಂಬಿದ ಕೆನ್ನೆಯಲ್ಲಿ ನಗುತ್ತಾ. ತಮ್ಮನ ಹೆಂಡತಿಯ ಬಿಗಿದ ಮುಖ ಕಂಡು ಎಲ್ಲ ಬಿಚ್ಚಿ ಹೇಳಿದರು. "ನಿನ್ನ ಗಂಡನೇ ನನ್ನ ಕರ್ಕೊಂಡು ಬಂದ ಕಣೇ. ಪೆದ್ದ, ಸ್ವಂತ ಅಕ್ಕನ ಗುರುತೇ ಸಿಗಲಿಲ್ಲ ಅವನಿಗೆ!" ಹೆಂಡತಿ ಗಂಡನ ಕಡೆ ತಿರುಗಿದರು. ಗಂಡ ಕಾರು ತೊಳೆಯುವ ನೆಪ ಮಾಡಿ ಎದ್ದು ಹೊರಟಿದ್ದರು.

"ಇವರಿಗೆ ಅವತ್ತೇ ಗುರುತು ಸಿಕ್ಕಿತ್ತು ಅಂತ ಆಗ ಗೊತ್ತಾಯ್ತು," ಎನ್ನುತ್ತಾರೆ ಹೆಂಡತಿ. "ಅಷ್ಟು ದಿನ ನನ್ನ ಕೈಲಿ ಬೈಸ್ಕೊಂಡ್ರು. ಅತ್ತಿಗೆ, ನಾನು ಇಬ್ಬರೂ ಅಳ್ತಾ ಕೂತ್ವಿ. ಇಂಥವರು ನನ್ನ ಗಂಡ ಅಂತ ಎದೆ ಉಬ್ಬಿಸಿ ಹೇಳ್ತೀನಿ."

ಹೊರಡುವ ಮೊದಲು ಒಂದು ಫೋಟೊ ಕೇಳುತ್ತೇನೆ. ಮಾಮ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಈ ಮುಖ ಊರಿಗೆಲ್ಲ ಪರಿಚಯವಾದರೆ, ತಾವು ಯಾರ ಮನೆಮುಂದೆ ಕಾರು ನಿಲ್ಲಿಸಿದರೂ ಆ ಮನೆಯವರ ಗುಟ್ಟು ರಟ್ಟಾಗುತ್ತದೆ ಎಂಬುದು ಅವರ ಆತಂಕ. ಹಾಗಾಗಿ ಹೆಸರೂ ಬೇಡ, ಮುಖವೂ ಬೇಡ. ಚಾವಣಿ ನೋಡುತ್ತಿರುವ ಆ ಕನ್ನಡಿಯ ಫೋಟೊಗೆ ಮಾತ್ರ ಒಪ್ಪುತ್ತಾರೆ.

"ಹಾಗಾದ್ರೆ ಪೇಪರ್‌ನಲ್ಲಿ ಬಂದದ್ದು ನಿಮಗೇನು ಉಪಯೋಗ?" ಎಂದು ರೇಗಿಸುತ್ತೇನೆ.

"ಬಂದ ದಿನ ಕತ್ತರಿಸಿ ಬೀರುವಿನಲ್ಲಿ ಇಟ್ಕೋತೀನಿ ಮೇಡಂ. ಆಗಾಗ ತೆಗೆದು ಓದ್ತೀನಿ," ಎನ್ನುತ್ತಾ ಕಾರು ಚಾಲೂ ಮಾಡುತ್ತಾರೆ. "ಯಾರಪ್ಪಾ ಇದು ಅಂತ ಯಾರಾದ್ರೂ ಕೇಳಿದ್ರೆ, ಯಾರೋ, ನನಗೇನು ಗೊತ್ತು ಅಂತೀನಿ."